ಕಿವಿಯೊಳಗಿನ ನೀರು

ಆಷಾಢದ ಮಧ್ಯಾಹ್ನ ಹನಗೋಡಿನ ಅಣೆಕಟ್ಟೆಯ ಹತ್ತಿರ ನಿಂತು ಪಡುವಣಕ್ಕೆ ನೋಡಿ. ಈಗ ಕಂಡ ನಾಗರಹೊಳೆ ಕಾಡಿನ ಅಂಚು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮೋಡದಲ್ಲಿ ಕಾಣೆ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಹೊರಟ ಪುಟ್ಟ ವಿಮಾನವೊಂದು ಆ ಮೋಡಕ್ಕೆ ಸಿಕ್ಕಿದರೆ? ಕಣ್ಣಳತೆಯಲ್ಲಿ ಹಾರುವವನಿಗೆ ನೆಲವೇ ಗುರುತು. ಅದು ಮಾಯವಾದರೂ ನೆಟ್ಟಗೇ ಹೋಗುತ್ತಿದ್ದೀಯ ಎಂದು ಮೈ ಹೇಳುತ್ತಿರುತ್ತದೆ. ಅದನ್ನು ನಂಬಿ ಸತ್ತವರು ಬಹಳ.

ಮೈಯ ಈ ಸುಳ್ಳು ಸಿಕ್ಕಿಬಿದ್ದದ್ದು ಆಕಾಶದಲ್ಲಲ್ಲ, ಒಂದು ಕುರ್ಚಿಯಲ್ಲಿ. 1926ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕ್ರಿಸ್ಸಿ ಫೀಲ್ಡ್‌ನಲ್ಲಿ ಅಮೆರಿಕದ ಸೇನಾ ಪೈಲಟ್ ವಿಲಿಯಂ ಆಕರ್ ವೈದ್ಯಕೀಯ ತಪಾಸಣೆಗೆ ಹೋದರು. ಡಾ. ಡೇವಿಡ್ ಮೈಯರ್ಸ್ ಅವರನ್ನು ತಿರುಗುಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಮೆಲ್ಲಗೆ ಸುತ್ತಿಸಿದರು. ಬಲಕ್ಕೆ ಸುತ್ತುವ ಕುರ್ಚಿ ನಿಧಾನವಾದರೆ ಕೂತವರಿಗೆ ಅದು ನಿಂತಂತೆ; ನಿಜಕ್ಕೂ ನಿಂತರೆ ಎಡಕ್ಕೆ ತಿರುಗಿದಂತೆ. ನುರಿತ ಆಕರ್ ಕೂಡ ತಪ್ಪೇ ಹೇಳಿದರು.

ಯಾಕೆ ಹೀಗೆ? ಚೊಂಬಿನ ನೀರಿಗೆ ಹುಲ್ಲುಕಡ್ಡಿಯೊಂದನ್ನು ಹಾಕಿ ಚೊಂಬನ್ನು ತಿರುಗಿಸಿ. ಮೊದಲು ಕಡ್ಡಿ ಇದ್ದಲ್ಲೇ ಇರುತ್ತದೆ. ತಿರುಗಿಸುತ್ತಲೇ ಹೋದರೆ ನೀರೂ ಜೊತೆಗೂಡುತ್ತದೆ. ಚೊಂಬನ್ನು ಗಕ್ಕನೆ ನಿಲ್ಲಿಸಿದರೂ ಕಡ್ಡಿ ಸುತ್ತುತ್ತಲೇ ಇರುತ್ತದೆ. ನಮ್ಮ ಒಳಗಿವಿಯ ಮೂರು ಕಮಾನು ನಾಳಗಳ ದ್ರವದ ಪಾಡೂ ಹೀಗೇ. ಜೊತೆಗೂಡಿದ ಮೇಲೆ ತಿರುವು ತಿಳಿಯುವುದೇ ಇಲ್ಲ.

ಆಕರ್‌ಗೆ ಅವಮಾನವಾಗಿರಬೇಕು. ತಿರುವು ತೋರಿಸುವ, ಸ್ಪೆರಿ ಕಂಪನಿಯ ಉಪಕರಣವನ್ನು ಅವರು 1918ರಲ್ಲೇ ಪರೀಕ್ಷಿಸಿದ್ದರು. ಅದನ್ನೂ ಒಂದು ದೀಪವನ್ನೂ ಪೆಟ್ಟಿಗೆಯೊಳಗಿಟ್ಟುಕೊಂಡು ಮತ್ತೆ ಬಂದರು. ಪೆಟ್ಟಿಗೆಗೆ ಮುಖವಿಟ್ಟು, ಮುಳ್ಳು ನೋಡುತ್ತ ಉತ್ತರಿಸಿದರು, ಎಲ್ಲವೂ ಸರಿ. ಯಂತ್ರ ಎಂಟು ವರ್ಷದಿಂದ ಕೈಯಲ್ಲೇ ಇತ್ತು. ಅದನ್ನು ಏಕೆ ನಂಬಬೇಕು ಎಂಬುದು ಗೊತ್ತಾದದ್ದು ಆವತ್ತು. ನನಗೆ ದೊಡ್ಡ ಶೋಧ ಅನಿಸುವುದು ಇದೇ. ಇದೇ ಪಾಠಕ್ಕಾಗಿ ಬೆಂಗಳೂರಿನ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲೂ ಪೈಲಟ್‌ಗಳನ್ನು ಬೇಕೆಂದೇ ದಿಕ್ಕೆಡಿಸಿ ಕಲಿಸುವ ಯಂತ್ರವಿದೆ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರಿಸಿ ಗೊತ್ತಿಲ್ಲದ ಇಪ್ಪತ್ತು ಜನರನ್ನು, ಹೊರಗೇನೂ ಕಾಣದಂತೆ ಮಾಡಿ, ಹಾರಾಟಕ್ಕೆ ಕೂರಿಸಿದರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಆಮೇಲೆ ಅವರಿಗೆ ಕಲಿಸಿದ್ದು ಸಾಹಸವನ್ನಲ್ಲ, ಹಿಂದಿರುಗುವುದನ್ನು. ಚುಕ್ಕಾಣಿ ಚಕ್ರದಿಂದ ಕೈ ತೆಗೆಯಿರಿ, ಕಾಲಿನ ಪೆಡಲನ್ನಷ್ಟೇ ಮೆಲ್ಲಗೆ ಒತ್ತಿ, ತಿರುವಿನ ಮುಳ್ಳು ನೋಡಿ. ಸೆಕೆಂಡಿಗೆ ಮೂರು ಡಿಗ್ರಿಯಂತೆ ತಿರುಗಿದರೆ ಒಂದು ನಿಮಿಷಕ್ಕೆ ಮೂತಿ ಬಂದ ದಾರಿಯ ಕಡೆಗಿರುತ್ತದೆ.