ದೀಪಸ್ತಂಭದ ಸಂಸಾರ: ತಪ್ಪು ಕಲ್ಪನೆ ಮತ್ತು ಸತ್ಯ

ದೀಪಸ್ತಂಭ ಕಾಯುವವನೆಂದರೆ ಗಡ್ಡ ಬಿಟ್ಟ ಒಂಟಿ ಮುದುಕ. ಗೋಪುರದ ತುದಿಯಲ್ಲೇ ಅವನ ವಾಸ. ಹೆಂಡತಿ ಮಕ್ಕಳ ಗೊಡವೆಯಿಲ್ಲ. ಕಣ್ಣಿಗೆ ಬಿದ್ದ ಹಡಗಿನತ್ತ ಬೆಳಕು ತಿರುಗಿಸುತ್ತ ರಾತ್ರಿ ಕಳೆಯುವುದೇ ಅವನ ಕೆಲಸ. ಸಿನಿಮಾ ಮತ್ತು ಕಥೆಪುಸ್ತಕಗಳು ಕಟ್ಟಿಕೊಟ್ಟ ಚಿತ್ರವಿದು. ಯಾವ ದಿಕ್ಕಿಗೆ ಹೊರಟರೂ ಕಡಲು ಮುನ್ನೂರು ಕಿಲೋಮೀಟರಿಗಿಂತ ಆಚೆಗೇ ಇರುವ ಬಶೀರಾಬಾದ್, ತಾಂಡೂರು, ಜಹೀರಾಬಾದ್ ಸೀಮೆಯಲ್ಲಿ ದೀಪಸ್ತಂಭವನ್ನು ಹೆಚ್ಚಿನವರು ಕಂಡಿರುವುದು ಪುಸ್ತಕದಲ್ಲೇ ಆದ್ದರಿಂದ ಈ ಚಿತ್ರವನ್ನು ಯಾರೂ ಪ್ರಶ್ನಿಸಿಲ್ಲ. ಆದರೆ ಅದರಲ್ಲಿ ನಿಜ ಬಹಳ ಕಡಿಮೆ. ದೀಪಸ್ತಂಭಗಳು ನಡೆದುಬಂದದ್ದು ಹಲವರ ಪಾಳಿಯ ದುಡಿಮೆಯಿಂದ, ಎಷ್ಟೋ ಕಡೆ ಇಡೀ ಮನೆಮಂದಿಯ ದುಡಿಮೆಯಿಂದ.

ಮೊದಲು ವಾಸದ ಮಾತು. ಉಡುಪಿ ಜಿಲ್ಲೆಯ ಕಾಪು ಕಡಲತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಸುಮಾರು 27 ಮೀಟರ್ ಎತ್ತರವಿದೆ. ಒಳಗಿರುವುದು ಮೆಟ್ಟಿಲು, ಮೇಲೆ ದೀಪದ ಕೋಣೆ. ಮನೆ ಹೂಡುವಷ್ಟು ಜಾಗ ಅಲ್ಲಿಲ್ಲ. ದಡದ ಮೇಲಿನ ದೀಪಸ್ತಂಭಗಳಲ್ಲಿ ಸಿಬ್ಬಂದಿಯ ಮನೆಗಳು ಗೋಪುರದಿಂದ ಬೇರೆಯಾಗಿರುವುದೇ ವಾಡಿಕೆ. ತಾಂಡೂರು–ವಾಡಿ ರೈಲುಮಾರ್ಗದ ಗೇಟ್‌ಮನ್‌ನ ಬದುಕನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು: ಪಾಳಿಯ ಕೆಲಸ, ಸರ್ಕಾರಿ ಕ್ವಾರ್ಟರ್ಸ್, ವರ್ಗಾವಣೆ, ಹಬ್ಬದ ದಿನವೂ ತಪ್ಪದ ಡ್ಯೂಟಿ. ವರ್ಗವಾದಾಗಲೆಲ್ಲ ಮಕ್ಕಳ ಶಾಲೆ ಬದಲಾಗುತ್ತದೆ, ಕೆಲವೊಮ್ಮೆ ಪಾಠದ ಭಾಷೆಯೂ ಬದಲಾಗುತ್ತದೆ.

ಗೋಪುರದೊಳಗೇ ಬದುಕಿದವರು ಇರಲಿಲ್ಲವೆಂದಲ್ಲ. ನಡುಗಡಲ ಬಂಡೆಗಳ ಮೇಲೆ ನಿಂತ ದೀಪಸ್ತಂಭಗಳಲ್ಲಿ ಬೇರೆ ದಾರಿಯೇ ಇರಲಿಲ್ಲ. ಸ್ಕಾಟ್ಲೆಂಡಿನ ಬೆಲ್ ರಾಕ್‌ನಲ್ಲಿ 1811ರಲ್ಲಿ ದೀಪ ಹತ್ತಿತು. ಉಬ್ಬರ ಬಂದರೆ ಆ ಬಂಡೆ ಮುಳುಗುತ್ತದೆ. ಅಲ್ಲಿಗೆ ಸಂಸಾರ ಒಯ್ಯುವ ಮಾತೇ ಇರಲಿಲ್ಲ. ಕಾವಲುಗಾರರ ಕುಟುಂಬಗಳು ದಡದ ಅರ್ಬ್ರೋತ್ ಊರಿನ ಸಿಗ್ನಲ್ ಟವರ್‌ನಲ್ಲಿ ಇರುತ್ತಿದ್ದವು. ದೀಪಸ್ತಂಭದ ಮೇಲೊಂದು, ಊರಿನ ಟವರ್ ಮೇಲೊಂದು ಚೆಂಡು ಏರಿಸಿ ‘ಎಲ್ಲ ಕ್ಷೇಮ’ ಎಂದು ಪರಸ್ಪರ ತಿಳಿಸುತ್ತಿದ್ದರು. ಕಾವಲುಗಾರನಿಗೆ ಗಂಡುಮಗು ಹುಟ್ಟಿದರೆ ಊರಿನ ಕಂಬಕ್ಕೆ ಚಡ್ಡಿ, ಹೆಣ್ಣುಮಗು ಹುಟ್ಟಿದರೆ ಲಂಗ ಏರಿಸುತ್ತಿದ್ದರೆಂದು ಅಲ್ಲಿನವರು ಈಗಲೂ ಹೇಳುತ್ತಾರೆ. ತಂದೆಯಾದ ಸುದ್ದಿಯನ್ನು ದುರ್ಬೀನಿನಲ್ಲಿ ನೋಡಿ ತಿಳಿಯಬೇಕಾದ ಆ ಬದುಕನ್ನು ‘ಸಂಸಾರದ ಗೊಡವೆಯಿಲ್ಲದ್ದು’ ಎನ್ನುವುದು ಅನ್ಯಾಯ. ಕಾರವಾರದೆದುರಿನ ದೇವಗಡ ದ್ವೀಪದ ಆಯ್‌ಸ್ಟರ್ ರಾಕ್ ದೀಪಸ್ತಂಭ 1864ರದು. ದ್ವೀಪದಲ್ಲಿ ಊರಿಲ್ಲ, ಶಾಲೆಯಿಲ್ಲ, ಆಸ್ಪತ್ರೆಯಿಲ್ಲ. ಏನು ಬೇಕಿದ್ದರೂ ಕಾರವಾರದಿಂದ ದೋಣಿಯಲ್ಲೇ ಬರಬೇಕು. ಮಳೆಗಾಲದಲ್ಲಿ ಕಡಲು ದಾರಿ ಕೊಟ್ಟಾಗ ಮಾತ್ರ.

ಒಬ್ಬನೇ ಕಾಯುತ್ತಾನೆಂಬುದೂ ಸರಿಯಲ್ಲ. ರಾತ್ರಿಯಿಡೀ ದೀಪ ನೋಡಿಕೊಳ್ಳುವುದು ಒಬ್ಬನಿಂದ ಆಗುವಂಥದಲ್ಲ. ವೇಲ್ಸ್ ಕರಾವಳಿಯಾಚೆಯ ಸ್ಮಾಲ್ಸ್ ದೀಪಸ್ತಂಭದಲ್ಲಿ 1801ರ ಸುಮಾರಿಗೆ ಇಬ್ಬರೇ ಕಾವಲಿಗಿದ್ದರು. ಒಬ್ಬ ತೀರಿಕೊಂಡ. ಶವವನ್ನು ಕಡಲಿಗೆ ಹಾಕಿದರೆ ಕೊಲೆಯ ಆರೋಪ ಬರಬಹುದೆಂದು ಹೆದರಿದ ಇನ್ನೊಬ್ಬ, ಬಿರುಗಾಳಿ ಇಳಿದು ದೋಣಿ ಬರುವವರೆಗೆ ವಾರಗಟ್ಟಲೆ ಅದನ್ನು ಕಾದುಕೊಂಡೇ ದೀಪವನ್ನೂ ಉರಿಸಿದ. ಆಮೇಲೆ ಇಂಥ ಬ್ರಿಟಿಷ್ ದೀಪಸ್ತಂಭಗಳಲ್ಲಿ ಮೂವರಿರಬೇಕೆಂಬ ಪದ್ಧತಿ ಬಂತು.

1900ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದಿಂದ ಮೂವರು ಕಾವಲುಗಾರರೂ ಕಾಣೆಯಾದರು. ಅರ್ಧ ಉಂಡ ತಟ್ಟೆ, ಉರುಳಿದ ಕುರ್ಚಿ ಎಂದು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಊಟದ ಆ ದೃಶ್ಯ 1912ರಲ್ಲಿ ಬಂದ ವಿಲ್ಫ್ರಿಡ್ ಗಿಬ್ಸನ್‌ನ ಕವಿತೆಯಿಂದ ಹಬ್ಬಿದ್ದು. ತನಿಖೆ ನಡೆಸಿದ ಅಧಿಕಾರಿ ರಾಬರ್ಟ್ ಮ್ಯೂರ್‌ಹೆಡ್‌ನ ನಿರ್ಣಯದಲ್ಲಿ ಯಾವ ಮಾಯೆಯೂ ಇಲ್ಲ: ಹಗ್ಗ-ಸಾಮಾನು ಭದ್ರಪಡಿಸಲು ಇಳಿದವರನ್ನು ದೊಡ್ಡ ಅಲೆ ಸೆಳೆದೊಯ್ದಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ, ಇದು ಗಂಡಸರಷ್ಟೇ ಮಾಡಿದ ಕೆಲಸ ಎಂಬುದು. ಅಮೆರಿಕದ ಮೇಯ್ನ್ ಕರಾವಳಿಯಾಚೆ ಮಟಿನಿಕಸ್ ರಾಕ್ ಎಂಬ ಬಂಡೆದ್ವೀಪವಿದೆ. 1856ರ ಜನವರಿಯಲ್ಲಿ ಅಲ್ಲಿನ ಕಾವಲುಗಾರ ದಿನಸಿ ತರಲು ದಡಕ್ಕೆ ಹೋದಾಗ ಬಿರುಗಾಳಿ ಎದ್ದು, ವಾರಗಟ್ಟಲೆ ಹಿಂದಿರುಗಲಾಗಲಿಲ್ಲ. ಮನೆಯಲ್ಲಿದ್ದವರು ಕಾಯಿಲೆಯ ಹೆಂಡತಿ, 16 ವರ್ಷದ ಮಗಳು ಆಬಿ ಬರ್ಜೆಸ್, ಅವಳ ತಂಗಿಯರು. ಎರಡು ಗೋಪುರಗಳಲ್ಲಿ ಒಟ್ಟು 28 ದೀಪ. ದಿನವೂ ಎಣ್ಣೆ ಹೊಯ್ದು, ಬತ್ತಿ ಕತ್ತರಿಸಿ, ಮಸಿ ಒರೆಸಿ ಅಷ್ಟನ್ನೂ ಹಚ್ಚಿದವಳು ಆಬಿ. ಅಲೆ ದ್ವೀಪದ ಮೇಲೇ ಹರಿಯತೊಡಗಿದಾಗ ತಾಯಿ-ತಂಗಿಯರನ್ನು ಭದ್ರವಾದ ಗೋಪುರಕ್ಕೆ ಸಾಗಿಸಿದಳು. ಮೊಣಕಾಲು ನೀರಿನಲ್ಲಿ ಹೋಗಿ ಒಂದನ್ನು ಬಿಟ್ಟು ಉಳಿದ ಕೋಳಿಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದಳು. ಒಂದು ರಾತ್ರಿಯೂ ದೀಪ ತಪ್ಪಲಿಲ್ಲ. ಸಂಬಳವೇನೋ ತಂದೆಯ ಹೆಸರಿಗೇ. ರೋಡ್ ಐಲೆಂಡಿನ ಐಡಾ ಲೂಯಿಸ್ ತಂದೆಗೆ ಲಕ್ವ ಹೊಡೆದಾಗಿನಿಂದ ಲೈಮ್ ರಾಕ್ ದೀಪದ ಕೆಲಸ ಮಾಡುತ್ತ ಬಂದರೂ ಅಧಿಕೃತ ನೇಮಕ ಸಿಕ್ಕಿದ್ದು 1879ರಲ್ಲಿ.

ಇಂಗ್ಲೆಂಡಿನ ಗ್ರೇಸ್ ಡಾರ್ಲಿಂಗ್ ವಿಷಯದಲ್ಲಿ ತಪ್ಪು ಇನ್ನೊಂದು ಬಗೆಯದು. 1838ರ ಸೆಪ್ಟೆಂಬರ್ 7ರಂದು ಫಾರ್ಫರ್‌ಶೈರ್ ಹಡಗು ಒಡೆದಾಗ ಈಕೆ ಒಬ್ಬಳೇ ದೋಣಿ ಹುಟ್ಟುಹಾಕಿ ಎಲ್ಲರನ್ನೂ ಉಳಿಸಿದಳೆಂಬುದು ಜನಪ್ರಿಯ ಕಥೆ. ನಿಜವಾಗಿ ಅವಳು ಲಾಂಗ್‌ಸ್ಟೋನ್ ದೀಪಸ್ತಂಭದ ಕಾವಲುಗಾರನ ಮಗಳು. ತಂದೆಯ ಜೊತೆಗೆ ಹೋಗಿ ಐವರನ್ನು ತಂದಳು. ಎರಡನೆಯ ಸಲ ತಂದೆ, ಬದುಕುಳಿದ ನಾವಿಕರ ನೆರವಿನಿಂದ ಉಳಿದ ನಾಲ್ವರನ್ನು ತಂದ. ಅವಳ ಧೈರ್ಯ ಇದರಿಂದ ಎಳ್ಳಷ್ಟೂ ಕುಂದುವುದಿಲ್ಲ.

ಬೆಳಕು ತಿರುಗಿಸುವ ಮಾತಿಗೆ ಬಂದರೆ, ಹಡಗು ನೋಡಿ ದೀಪ ಆಡಿಸುವ ಪದ್ಧತಿ ಎಲ್ಲೂ ಇಲ್ಲ. ಹಳೆಯ ತಿರುಗುವ ದೀಪಗಳಲ್ಲಿ ಜ್ವಾಲೆ ಸ್ಥಿರ. ಸುತ್ತಲಿನ ಗಾಜಿನ ಲೆನ್ಸ್ ತಿರುಗುತ್ತದೆ, ದೂರದವರಿಗೆ ಮಿಂಚಿದಂತೆ ಕಾಣುತ್ತದೆ. ಫ್ರಾನ್ಸಿನ ಫ್ರೆನೆಲ್ ಇಂಥ ಲೆನ್ಸನ್ನು 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅಳವಡಿಸಿದ. ಒಂದೊಂದು ದೀಪಸ್ತಂಭಕ್ಕೂ ಮಿನುಗಿನ ಲೆಕ್ಕ ಬೇರೆ. ನಾವಿಕ ಅದನ್ನು ಎಣಿಸಿಯೇ ತಾನಿರುವ ಜಾಗ ತಿಳಿಯುತ್ತಾನೆ. ಆದ್ದರಿಂದ ತಿರುಗುವ ವೇಗ ತಪ್ಪಬಾರದು. ವಿದ್ಯುತ್ ಇಲ್ಲದ ಕಾಲದಲ್ಲಿ ಗಡಿಯಾರದಂಥ ಯಂತ್ರ, ಅದಕ್ಕೆ ಜೋತ ತೂಕ. ತೂಕ ಕೆಳಗಿಳಿದಂತೆಲ್ಲ ಮತ್ತೆ ಮೇಲಕ್ಕೆ ಸುತ್ತಬೇಕಿತ್ತು. ಹಗಲೆಲ್ಲ ನಿದ್ದೆ ಎಂಬುದೂ ಸುಳ್ಳು. ಬೆಳಗಾದೊಡನೆ ದೀಪದ ಕೋಣೆಗೆ ಪರದೆ ಎಳೆಯಬೇಕು. ಇಲ್ಲದಿದ್ದರೆ ಅದೇ ಲೆನ್ಸ್ ಬಿಸಿಲನ್ನು ಒಂದೆಡೆ ಕೂಡಿಸಿ ಬೆಂಕಿ ಹೊತ್ತಿಸಬಲ್ಲದು. ಆಮೇಲೆ ಗಾಜು ಒರೆಸುವುದು, ಹಿತ್ತಾಳೆ ತಿಕ್ಕುವುದು, ಉಪ್ಪುಗಾಳಿಗೆ ತುಕ್ಕು ಹಿಡಿದ ಕಬ್ಬಿಣಕ್ಕೆ ಬಣ್ಣ ಬಳಿಯುವುದು. ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ದೋಣಿಗಳು ದಡ ಸೇರಿದರೂ ದೀಪಕ್ಕೆ ರಜೆಯಿಲ್ಲ.

ಜಿಪಿಎಸ್ ಬಂದಮೇಲೆ ದೀಪಸ್ತಂಭವೂ ಅದರ ಸಿಬ್ಬಂದಿಯೂ ಮುಗಿದ ಅಧ್ಯಾಯವೆಂಬುದು ಅರ್ಧ ನಿಜ. ಬ್ರಿಟನ್ನಿನಲ್ಲಿ 1998ರಲ್ಲಿ ಕೊನೆಯ ಕಾವಲುಗಾರರು ಹೊರಟರು. ಭಾರತದಲ್ಲಿ ವಿದ್ಯುತ್, ಸೌರಶಕ್ತಿ, ದೂರನಿಯಂತ್ರಣ ಬಂದು ಕೈಕೆಲಸ ತಗ್ಗಿದೆ. 1927ರ ದೀಪಸ್ತಂಭ ಕಾಯ್ದೆಯ ಬದಲಿಗೆ 2021ರಲ್ಲಿ ಹೊಸ ಕಾಯ್ದೆ ಬಂದು ರೇಡಿಯೊ ಮತ್ತು ರೇಡಾರ್ ಆಧಾರಿತ ನೆರವುಗಳನ್ನೂ ಒಳಗೊಂಡಿದೆ. ಆದರೂ ಕೇಂದ್ರದ ದೀಪಸ್ತಂಭ ಮತ್ತು ದೀಪನೌಕೆಗಳ ಮಹಾನಿರ್ದೇಶನಾಲಯದ ಸಿಬ್ಬಂದಿ ಕೆಲಸದಲ್ಲಿದ್ದಾರೆ. ಕಾಪುವಿನ ಗೋಪುರ ಸಂಜೆ ಪ್ರವಾಸಿಗರಿಗೆ ತೆರೆಯುತ್ತದೆ. ಉಡುಪಿ ಕಡೆ ಹೋದವರು ಟಿಕೆಟ್ ಪಡೆದು ಮೇಲೇರಿ ದೀಪದ ಕೋಣೆಯ ಸುತ್ತಿನಿಂದ ಕಡಲು ನೋಡಬಹುದು.