ಬಾನೆಟ್‌ಗೊಂದು ಗವಾಕ್ಷಿ: ಎಲ್ಲಿ ಕೊರೆದರೆ ಎಂಜಿನ್ ತಣ್ಣಗೆ?

ಹೊಸೂರು: ಹಳೇ ಕಾಲದ ಮನೆಗಳಲ್ಲಿ ಅಡುಗೆಮನೆಯ ಸೂರಿಗೊಂದು ಗವಾಕ್ಷಿ ಇರುತ್ತಿತ್ತು. ಒಲೆಯ ಹೊಗೆ, ಬಿಸಿ ಎರಡೂ ಅದರಲ್ಲೇ ಹೊರಗೆ. ಗವಾಕ್ಷಿ ತಪ್ಪು ಕಡೆ ಬಿದ್ದರೆ ಮಾತ್ರ ಗಾಳಿ ಮೇಲಿನಿಂದಲೇ ನುಗ್ಗಿ, ಹೊಗೆಯೆಲ್ಲ ಅಡುಗೆ ಮಾಡುವವರ ಕಣ್ಣಿಗೆ. ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಕಾರಿನ ಬಾನೆಟ್‌ಗೆ ಗಾಳಿಕಿಂಡಿ ಕೊರೆಯುವವರೂ ಇದೇ ಪಾಠ ಕಲಿಯಬೇಕು.

"ಅಣ್ಣಾ, ಬಾನೆಟ್‌ಗೆ ಎರಡು ತೂತು ಹೊಡೆದ್ರೆ ಆಯ್ತು, ಬಿಸಿ ತಾನಾಗೇ ಹೋಗುತ್ತೆ" – ಟಿಂಕರಿಂಗ್ ಶೆಡ್‌ಗಳಲ್ಲಿ ಸಲೀಸಾಗಿ ಬರುವ ಮಾತಿದು. ಇದು ಅರ್ಧ ನಿಜ. ಗಾಡಿ ನಿಂತಿದ್ದಾಗ ಬಿಸಿಗಾಳಿ ತಾನಾಗೇ ಮೇಲೆ ಹೋಗುತ್ತದೆ. ನೂರರ ಮೇಲೆ ಓಡುವಾಗ ಮಾತ್ರ ಅದು ಒತ್ತಡ ಕಡಿಮೆ ಇರುವ ಕಡೆಗೇ ಹರಿಯುತ್ತದೆ. ತಪ್ಪು ಜಾಗದಲ್ಲಿ ಕೊರೆದರೆ ಬಾನೆಟ್ಟೂ ಹಾಳು, ಎಂಜಿನ್ನೂ ಹಾಳು.

ಹೊಸೂರಿನವರಿಗೆ ಎಂಜಿನ್ನು, ತಗಡು ಹೊಸದೇನಲ್ಲ. ಟಿವಿಎಸ್ ಮೋಟಾರ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿರುವ ಊರಿದು. ಟಿವಿಎಸ್ ಕಂಪನಿಯ ರೇಸಿಂಗ್ ತಂಡವೇ 1982ರಿಂದ ಇದೆ. ಬೆಂಗಳೂರಿನಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುವ ಮುಖ್ಯ ದಾರಿಯೂ ಹೊಸೂರು, ಕೃಷ್ಣಗಿರಿ, ವೇಲೂರು ಮೂಲಕವೇ ಸಾಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದ ಆ ಟ್ರ್ಯಾಕ್ 3.717 ಕಿ.ಮೀ. ಉದ್ದವಿದ್ದು, 12 ತಿರುವುಗಳಿವೆ. ಅದಕ್ಕೂ ಮುಂಚೆ ಮದ್ರಾಸಿನ ರೇಸುಗಳೆಲ್ಲ ಶೋಳವರಂನ ಹಳೇ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದವು.

ಹದಿನೈದು ಗೀಸರ್‌ನ ಬಿಸಿ

ಟ್ರ್ಯಾಕ್‌ಗೆ ಹೊರಟ ಹಳೇ ಮಾರುತಿ ಎಸ್ಟೀಮ್ ಕಾರನ್ನೇ ತೆಗೆದುಕೊಳ್ಳೋಣ. 1994ರಿಂದ 2007ರವರೆಗೆ ಮಾರಾಟವಾದ ಈ ಕಾರು ನಮ್ಮ ರೇಸು, ರ‍್ಯಾಲಿಗಳಲ್ಲಿ ಬೇಕಾದಷ್ಟು ಓಡಿದೆ. ಇದರ 1298 ಸಿಸಿ ಎಂಜಿನ್, ಎಂಪಿಎಫ್ಐ ಮಾದರಿಯಲ್ಲಿ 85 ಬಿಎಚ್‌ಪಿ ಕೊಡುತ್ತಿತ್ತು. ಅಂದರೆ ಸುಮಾರು 63 ಕಿಲೋವ್ಯಾಟ್.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಗಾಡಿ ಓಡಿಸಲು ಸಿಗುತ್ತದೆ. ಉಳಿದದ್ದು ಸೈಲೆನ್ಸರ್ ಹೊಗೆಯಲ್ಲೂ ರೇಡಿಯೇಟರ್ ನೀರಿನಲ್ಲೂ ಹೋಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಆ 63 ಕಿಲೋವ್ಯಾಟ್‌ನ ಅರ್ಧದಷ್ಟು ಶಾಖ ನೀರಿಗೆ ಬಂತು ಅಂದುಕೊಂಡರೂ, ಸ್ನಾನದ ಮನೆಯ 2 ಕಿಲೋವ್ಯಾಟ್ ಗೀಸರ್‌ಗಳು ಹದಿನೈದು ಒಟ್ಟಿಗೆ ಉರಿದ ಲೆಕ್ಕ. ಊರೊಳಗೆ ಈ ಪರಿಸ್ಥಿತಿ ಕೆಲವು ಸೆಕೆಂಡುಗಳ ಮಟ್ಟಿಗೆ. ಟ್ರ್ಯಾಕ್‌ನಲ್ಲಿ ಸುತ್ತಿನ ಮೇಲೆ ಸುತ್ತು ಅದೇ ಕಥೆ.

ಜೊತೆಗೆ ಹವೆಯೂ ಬೇರೆ. ಹೊಸೂರಿನ 25 ಡಿಗ್ರಿಯಲ್ಲಿ 95 ಡಿಗ್ರಿಯ ಕೂಲಂಟ್‌ಗೂ ಗಾಳಿಗೂ 70 ಡಿಗ್ರಿ ಅಂತರವಿದ್ದರೆ, ಘಟ್ಟ ಇಳಿದು 38 ಡಿಗ್ರಿಯ ಬಯಲಿಗೆ ಹೋದಾಗ ಅಂತರ 57ಕ್ಕೆ ಇಳಿಯುತ್ತದೆ. ರೇಡಿಯೇಟರ್‌ನಲ್ಲಿ ಅಷ್ಟೇ ಗಾಳಿ ಹರಿದರೂ ಹೊರಹೋಗುವ ಬಿಸಿ ಸುಮಾರು ಐದರಲ್ಲೊಂದು ಪಾಲು ಕಮ್ಮಿ. ಮನೆ ಹತ್ತಿರ ತಣ್ಣಗಿದ್ದ ಗಾಡಿ ಅಲ್ಲಿ ಕುದಿಯುವುದಕ್ಕೆ ಇದೂ ಒಂದು ಕಾರಣ.

ಕುದಿದರೆ ನಷ್ಟ ಚಿಕ್ಕದಲ್ಲ. ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಅದು ಮೀರಿದರೆ ಎಂಜಿನ್ನೇ ಕೈಬಿಡುತ್ತದೆ. ಸಂಬಳ ಉಳಿಸಿ ಗಾಡಿ ಕಟ್ಟಿದ ಹುಡುಗನಿಗೆ ಅಲ್ಲಿಗೆ ಆ ವರ್ಷದ ರೇಸ್ ಮುಗಿದಂತೆ.

ಬಂದ ಗಾಳಿಗೆ ಹೋಗೋಕೂ ದಾರಿ ಬೇಕು

ಗ್ರಿಲ್ ದೊಡ್ಡದು ಮಾಡಿದರೆ ಗಾಳಿ ಜಾಸ್ತಿ ಬರುತ್ತದೆ ಎನ್ನುವುದು ಸಾಮಾನ್ಯ ನಂಬಿಕೆ. ಆದರೆ ರೇಡಿಯೇಟರ್ ದಾಟಿದ ಗಾಳಿ ಎಂಜಿನ್ ಕೋಣೆಯಲ್ಲೇ ತುಂಬಿಕೊಂಡರೆ ಹೊಸ ಗಾಳಿಗೆ ಜಾಗವೆಲ್ಲಿ? ರೇಡಿಯೇಟರ್‌ನ ಮುಂದೆ ಒತ್ತಡ ಜಾಸ್ತಿ, ಹಿಂದೆ ಕಮ್ಮಿ ಇದ್ದರೆ ಮಾತ್ರ ಗಾಳಿ ಹರಿಯುತ್ತದೆ. ಸಾಮಾನ್ಯ ಕಾರಿನಲ್ಲಿ ಈ ಬಿಸಿಗಾಳಿ ಎಂಜಿನ್ ಸಂದಿಗಳಲ್ಲಿ ನುಸುಳಿ ಗಾಡಿಯ ಅಡಿಯಿಂದ ಹೊರಡುತ್ತದೆ. ದಿನದ ಓಡಾಟಕ್ಕೆ ಅದು ಸಾಕು. ಟ್ರ್ಯಾಕ್‌ಗೆ ಸಾಲದೆ ಬಂದಾಗ ಮೇಲಿನ ಕಿಂಡಿ ಕೆಲಸಕ್ಕೆ ಬರುತ್ತದೆ. ಬಾನೆಟ್ ಅಡಿಯಲ್ಲಿ ತುಂಬಿದ ಒತ್ತಡ ಇಳಿದರೆ ವೇಗದಲ್ಲಿ ಗಾಡಿಯ ಮೂತಿ ಮೇಲೆತ್ತುವುದೂ ಸ್ವಲ್ಪ ಕಮ್ಮಿಯಾಗುತ್ತದೆ.

1966ರಿಂದ 1969ರವರೆಗೆ ಸತತ ನಾಲ್ಕು ವರ್ಷ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಫೋರ್ಡ್ ಜಿಟಿ40 ಕಾರಿನಲ್ಲಿ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ರೇಡಿಯೇಟರ್ ದಾಟಿದ ಗಾಳಿಗೆ ಮೂತಿಯ ಮೇಲ್ಭಾಗದಲ್ಲೇ ಹೊರದಾರಿ ಬಿಟ್ಟಿದ್ದರು. ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಬಾನೆಟ್‌ನಲ್ಲಿದ್ದ ಜಾಲರಿ ಕಿಂಡಿಯೂ ಇದೇ ಜಾತಿಯದು. ಸುಬಾರು ಡಬ್ಲ್ಯುಆರ್‌ಎಕ್ಸ್‌ನ ಬಾನೆಟ್ ಮೇಲೆ ಮುಂದಕ್ಕೆ ಬಾಯಿ ತೆರೆದ ಗೂಡು ಮಾತ್ರ ಬೇರೆ. ಅದು ಟರ್ಬೊದ ಇಂಟರ್‌ಕೂಲರ್‌ಗೆ ಗಾಳಿ ಒಳಗೆ ತರಲು ಇಟ್ಟದ್ದು. ಇದನ್ನು ನೋಡಿ ಅದನ್ನು ಮಾಡಿಸಿಕೊಂಡು ಮೋಸ ಹೋದವರಿದ್ದಾರೆ.

ಮುಂದೋ, ಹಿಂದೋ?

ಮಣ್ಣು ರಸ್ತೆಯಲ್ಲಿ ಬಸ್ಸು ಹೋದರೆ ಧೂಳು ಅದರ ಬೆನ್ನಿಗೇ ಸುತ್ತಿಕೊಂಡು ಬರುತ್ತದೆ. ಬಸ್ಸಿನ ಹಿಂದೆ ಒತ್ತಡ ಕಮ್ಮಿ ಇರುವುದೇ ಕಾರಣ. ಬಾನೆಟ್ ಮೇಲೂ ಹೀಗೆ ಒತ್ತಡ ಕಮ್ಮಿ ಇರುವ ಜಾಗ, ಜಾಸ್ತಿ ಇರುವ ಜಾಗ ಎಂದಿರುತ್ತವೆ.

ಗಾಳಿ ಮೂತಿಗೆ ಬಡಿದು, ಮುಂಚಿನ ಬಾಗು ದಾಟಿ ಮೇಲೇರುವಾಗ ವೇಗ ಹೆಚ್ಚುತ್ತದೆ. ಹಾಗಾಗಿ ಬಾನೆಟ್‌ನ ಮುಂಭಾಗದಲ್ಲಿ, ಬಾಗಿನ ಸ್ವಲ್ಪ ಹಿಂದೆ, ಒತ್ತಡ ಇಳಿದಿರುತ್ತದೆ. ಹಿಂದೆ ಹೋದಂತೆ ಗಾಳಿ ಮುಂದಿನ ಗಾಜಿಗೆ ತಡೆದು ಗಾಜಿನ ಬುಡದಲ್ಲಿ ಒತ್ತರಿಸುತ್ತದೆ. ಕಾರು ಕಂಪನಿಗಳು ಒಳಗೆ ಕೂತವರಿಗೆ ಗಾಳಿ ತರುವ ಜಾಲರಿಯನ್ನು ಸಾಮಾನ್ಯವಾಗಿ ಅಲ್ಲೇ ಇಡುವುದು ಇದಕ್ಕಾಗಿ.

ಬಾನೆಟ್‌ನ ಹಿಂದಿನ ಹಿಂಜ್‌ಗೆ ನಾಲ್ಕು ವಾಷರ್ ಕೊಟ್ಟು ಎತ್ತಿಬಿಡುವ ಅಗ್ಗದ ಉಪಾಯ ಇಲ್ಲೇ ಎಡವುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಹೊರಬರುವುದು ಕಣ್ಣಿಗೆ ಕಾಣುತ್ತದೆ, ಕೈಗೂ ತಾಗುತ್ತದೆ. ಆದರೆ ವೇಗ ಹಿಡಿದ ಮೇಲೆ ಗಾಜಿನ ಬುಡದ ಒತ್ತಡ ಅದೇ ಸಂದಿಯಿಂದ ಒಳಗೆ ತಳ್ಳಿ, ರೇಡಿಯೇಟರ್ ದಾಟಿ ಬರುವ ಗಾಳಿಗೆ ಅಡ್ಡ ನಿಲ್ಲಬಹುದು. ನೋಡಲು ಚೆಂದ ಕಂಡರೂ, ಟ್ರ್ಯಾಕ್‌ನಲ್ಲಿ ಮೀಟರ್ ಮುಳ್ಳು ಮೇಲೇರುತ್ತಲೇ ಇರುತ್ತದೆ.

ಆದ್ದರಿಂದ ಕಿಂಡಿ ಇರಬೇಕಾದ್ದು ರೇಡಿಯೇಟರ್‌ನ ಹಿಂದೆ, ಬಾನೆಟ್‌ನ ಮುಂದಿನ ಅರ್ಧದಲ್ಲಿ. ಕಿಂಡಿಯ ಬಾಯಿ ಹಿಂದಕ್ಕೆ ತಿರುಗಿರಬೇಕು. ಅದರ ಮುಂಚಿಗೆ ಎದ್ದುನಿಂತ ಸಣ್ಣ ತಗಡಿನ ತುಟಿ ಕೊಟ್ಟರೆ, ಅದರ ಬೆನ್ನಿಗೆ ಒತ್ತಡ ಇನ್ನಷ್ಟು ಇಳಿದು ಬಿಸಿಗಾಳಿಯನ್ನು ಎಳೆದುಕೊಳ್ಳುತ್ತದೆ.

ಮೇಸ್ತ್ರಿಯ ಮಟ್ಟದ ಪೈಪು

ಜಾಗ ಗೊತ್ತುಮಾಡಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಉಲ್ಲನ್ ದಾರದ ತುಂಡುಗಳನ್ನು ಬಾನೆಟ್ ತುಂಬ ಟೇಪಿನಲ್ಲಿ ಅಂಟಿಸಿ ಗಾಡಿ ಓಡಿಸಿದರೆ ಗಾಳಿ ಯಾವ ಕಡೆ ನೇರ ಹರಿಯುತ್ತದೆ, ಎಲ್ಲಿ ಗಿರಕಿ ಹೊಡೆಯುತ್ತದೆ ಎಂಬುದು ಮೊಬೈಲ್ ಕ್ಯಾಮೆರಾದಲ್ಲೇ ಸಿಗುತ್ತದೆ.

ಒತ್ತಡ ಅಳೆಯಲು ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪೇ ಸಾಕು. ಅದನ್ನು ಇಂಗ್ಲಿಷ್ 'ಯು' ಅಕ್ಷರದಂತೆ ಬಗ್ಗಿಸಿ ಬಣ್ಣದ ನೀರು ತುಂಬಿ, ಪಕ್ಕದ ಸೀಟಿನವರ ಕೈಗೆ ಕೊಡಬೇಕು. ಒಂದು ತುದಿಯಿಂದ ಸಣ್ಣ ಕೊಳವೆ ಎಂಜಿನ್ ಕೋಣೆಗೆ, ಇನ್ನೊಂದರಿಂದ ಬಾನೆಟ್ ಮೇಲೆ ಕಿಂಡಿ ಕೊರೆಯಬೇಕೆಂದಿರುವ ಜಾಗಕ್ಕೆ. ಬಾನೆಟ್ ಮೇಲಿನ ಕೊಳವೆಯ ಬಾಯಿ ಗಾಳಿಗೆ ಎದುರಾಗಬಾರದು. ನಡುವೆ ತೂತಿರುವ ಚಪ್ಪಟೆ ಬಿಲ್ಲೆಗೆ ಜೋಡಿಸಿ ಮೈಗೆ ಅಂಟಿಸಬೇಕು. ಬಾನೆಟ್ ಕಡೆಯ ಕೊಳವೆಯಲ್ಲಿ ನೀರು ಏರಿದರೆ ಅಲ್ಲಿ ಒತ್ತಡ ಕಮ್ಮಿ, ಕೊರೆಯಬಹುದು. ಇಳಿದರೆ ಆ ಜಾಗಕ್ಕೆ ಕೈ ಹಾಕಬಾರದು.

ಲೆಕ್ಕ ತೀರಾ ಸಣ್ಣದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಪೂರ್ತಿ ಒತ್ತಡವೇ ಸುಮಾರು 12 ಮಿ.ಮೀ. ನೀರಿನ ಎತ್ತರ. 100 ಕಿ.ಮೀ.ಗೆ 47 ಮಿ.ಮೀ., 150ಕ್ಕೆ 106 ಮಿ.ಮೀ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಟ್ರ್ಯಾಕ್‌ನಲ್ಲಿ ಫಲ ಕೊಡುವ ಕಿಂಡಿ ಟ್ರಾಫಿಕ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬಾರದಿರುವುದು ಇದರಿಂದಲೇ. ಅಲ್ಲಿ ಫ್ಯಾನ್ ಚೆನ್ನಾಗಿರಬೇಕು ಅಷ್ಟೆ. ಈ ಪರೀಕ್ಷೆಗಳನ್ನೆಲ್ಲ ಮುಚ್ಚಿದ ಟ್ರ್ಯಾಕ್‌ನಲ್ಲೇ ಮಾಡಬೇಕು, ಹೆದ್ದಾರಿಯಲ್ಲಿ ಕೂಡದು.

ಗರಗಸಕ್ಕೆ ಮುಂಚೆ

ಬಾನೆಟ್ ಕೊರೆಯುವ ಮೊದಲು ನೋಡಬೇಕಾದ ಅಗ್ಗದ ಕೆಲಸಗಳೇ ಬೇಕಾದಷ್ಟಿವೆ.

* ರೇಡಿಯೇಟರ್ ಎಲೆಗಳ ನಡುವಿನ ಹುಳು, ಕಸ ತೆಗೆಯುವುದು. ಮಡಚಿದ ಎಲೆ ನೆಟ್ಟಗೆ ಮಾಡುವುದು.
* ರೇಡಿಯೇಟರ್‌ನ ಅಕ್ಕಪಕ್ಕ, ಮೇಲೆ ಕೆಳಗೆ ಸಂದಿ ಮುಚ್ಚುವುದು. ಸುಲಭದ ದಾರಿ ಇದ್ದರೆ ಗಾಳಿ ರೇಡಿಯೇಟರ್ ಒಳಗೆ ಹೋಗುವುದೇ ಇಲ್ಲ. ಫೋಮು, ಅಲ್ಯೂಮಿನಿಯಂ ತಗಡು ಸಾಕು.
* ಕೂಲಂಟ್‌ನಲ್ಲಿ ಸಿಕ್ಕಿಕೊಂಡ ಗಾಳಿ ಬಿಡಿಸುವುದು. ಥರ್ಮೋಸ್ಟಾಟ್, ವಾಟರ್ ಪಂಪ್ ಪರೀಕ್ಷೆ.
* ರೇಡಿಯೇಟರ್ ಮುಚ್ಚಳ ಬದಲಿಸುವುದು. ಸುಮಾರು 1 ಬಾರ್ ಒತ್ತಡ ಹಿಡಿಯುವ ಮುಚ್ಚಳ ಸರಿಯಿದ್ದರೆ ಸಮುದ್ರ ಮಟ್ಟದಲ್ಲೂ ನೀರು 120 ಡಿಗ್ರಿ ಹತ್ತಿರದ ತನಕ ಕುದಿಯುವುದಿಲ್ಲ. ಬಿಸಿ ಇದ್ದಾಗ ಮಾತ್ರ ಇದನ್ನು ಯಾವ ಕಾರಣಕ್ಕೂ ತೆಗೆಯಬಾರದು, ಮುಖ ಸುಡುತ್ತದೆ.

ಇಷ್ಟು ಮಾಡಿ, ಅದೇ ಟ್ರ್ಯಾಕ್‌ನಲ್ಲಿ ಅಷ್ಟೇ ಸುತ್ತು ಓಡಿಸಿ ಮೀಟರ್ ಬರೆದಿಟ್ಟುಕೊಳ್ಳಬೇಕು. ಆಮೇಲೂ ಬಿಸಿ ಇಳಿಯದಿದ್ದರೆ ಆಗ ಗರಗಸ.

ಗುಜರಿಯಿಂದ ಇನ್ನೊಂದು ಬಾನೆಟ್ ತಂದು ಅದರ ಮೇಲೆ ಕೈ ನೋಡುವುದು ಜಾಣತನ. ಗಾಡಿಯ ಸ್ವಂತ ಬಾನೆಟ್ ಮನೆಯಲ್ಲಿರಲಿ. ಮೇಲಿನಿಂದ ಗುರುತು ಹಾಕಿ ಕೊರೆಯಲು ಹೋದರೆ ಅಡಿಯ ಪಟ್ಟಿಗಳು ತುಂಡಾಗುತ್ತವೆ. ಬಾನೆಟ್ ಬಿಚ್ಚಿ, ಮಗುಚಿ, ಪಟ್ಟಿಗಳ ನಡುವಿನ ಜಾಗಕ್ಕೆ ರಟ್ಟಿನ ಅಚ್ಚು ಇಟ್ಟು ಗುರುತು ಮಾಡಬೇಕು. ಲಾಕ್ ಮತ್ತು ಹಿಂಜ್ ಹತ್ತಿರ ಮುಟ್ಟಬಾರದು. ಮೂಲೆಗಳಿಗೆ ಮೊದಲು ಡ್ರಿಲ್‌ನಲ್ಲಿ ದುಂಡನೆ ತೂತು ಹಾಕಿದರೆ ತಗಡು ಬಿರುಕು ಬಿಡುವುದಿಲ್ಲ. ಅಂಚು ಉಜ್ಜಿ ಪ್ರೈಮರ್ ಬಳಿಯದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು. ಕಿಂಡಿಯ ನೀರು ಇಗ್ನಿಷನ್ ಕಾಯಿಲ್, ಏರ್ ಫಿಲ್ಟರ್ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಕೊರೆದ ಬಾನೆಟ್ ಗಟ್ಟಿತನ ಕಳೆದುಕೊಂಡಿರುವುದರಿಂದ ಬಾನೆಟ್ ಪಿನ್ ಹಾಕುವುದು ಒಳ್ಳೆಯದು. ವೇಗದಲ್ಲಿ ಬಾನೆಟ್ ಎದ್ದು ಗಾಜಿಗೆ ಬಡಿದರೆ ಚಾಲಕನಿಗೆ ಮುಂದಿನದೇನೂ ಕಾಣದು.

ಅತ್ತಿಬೆಲೆ ಆಚೆಗೂ ಈಚೆಗೂ ಒಂದೇ ಕಾನೂನು

ಟ್ರ್ಯಾಕ್ ಗಾಡಿಯನ್ನು ಅದೇ ರೂಪದಲ್ಲಿ ರಸ್ತೆಗೆ ತರುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿಕೊಳ್ಳಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಇದು ಕೇಂದ್ರದ ಕಾಯ್ದೆ. ಅತ್ತಿಬೆಲೆ ಗಡಿಯ ಯಾವ ಕಡೆ ನಂಬರ್ ಪ್ಲೇಟ್ ಆದರೂ ಒಂದೇ. ಕೊರೆದ ಬಾನೆಟ್ ಹಾಕಿದ ಗಾಡಿ ಟ್ರ್ಯಾಕ್‌ಗೆ ಟ್ರೇಲರ್ ಮೇಲೆ ಹೋಗುವುದೇ ಸರಿ.

ರೇಸಿಗೆ ಇಳಿಯುವವರು ತಾವು ಓಡುವ ವರ್ಗದ ನಿಯಮವನ್ನೂ ಮೊದಲೇ ಕೇಳಿಕೊಳ್ಳಬೇಕು. ಬಾನೆಟ್ ಮುಟ್ಟಲು ಬಿಡದ ವರ್ಗದಲ್ಲಿ ಇಷ್ಟೆಲ್ಲ ಮಾಡಿದ ಕೆಲಸ ತಪಾಸಣೆಯ ಶೆಡ್‌ನಲ್ಲೇ ನೀರುಪಾಲು.

ಹಿಂದಿನವರು ಗವಾಕ್ಷಿ ಬಿಡುವ ಮುಂಚೆ ಊರಿಗೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ನೋಡುತ್ತಿದ್ದರು. ಬಾನೆಟ್ ಮುಂದೆ ಗ್ರೈಂಡರ್ ಹಿಡಿದು ನಿಂತವರಿಗೆ ಅಷ್ಟು ನೋಡಲು ಬೇಕಾದ್ದು ಹತ್ತು ರೂಪಾಯಿಯ ಉಲ್ಲನ್ ದಾರ, ಮೇಸ್ತ್ರಿಯಿಂದ ಎರವಲು ತಂದ ಪೈಪು, ಒಂದು ದಿನದ ತಾಳ್ಮೆ.