ಲಿನಕ್ಸ್‌ನಲ್ಲಿ ಹಿನ್ನೆಲೆ ಸೇವೆಯ ಆರಂಭ ವೈಫಲ್ಯ

ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಬಳಕೆದಾರರ ಕಣ್ಣಿಗೆ ಬೀಳದೆ ಸತತವಾಗಿ ನಡೆಯುವ ತಂತ್ರಾಂಶವನ್ನು ಹಿನ್ನೆಲೆ ಸೇವೆ ಅಥವಾ ಡೀಮನ್ ಎನ್ನುತ್ತಾರೆ. ಈ ಹೆಸರು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್‌ನ ಕಾಲ್ಪನಿಕ ಡೀಮನ್‌ನಿಂದ ಬಂದುದೇ ಹೊರತು ದೆವ್ವದಿಂದಲ್ಲ. 2010ರಲ್ಲಿ ಲೆನಾರ್ಟ್ ಪೊಟ್ಟರಿಂಗ್ ಮತ್ತು ಕೇ ಸೀವರ್ಸ್ ಆರಂಭಿಸಿದ ಸಿಸ್ಟಮ್‌ಡಿ ಇಂದು ಬಹುತೇಕ ಪ್ರಮುಖ ವಿತರಣೆಗಳಲ್ಲಿ ಸೇವೆಗಳನ್ನು ನಿಯಂತ್ರಿಸುತ್ತದೆ.

ಸೇವೆಯು ಆರಂಭವಾಗದಿದ್ದಾಗ ಮತ್ತೆ ಮತ್ತೆ ಅದೇ ಆದೇಶವನ್ನು ನೀಡುವುದು ವ್ಯರ್ಥ. ಸಾಮಾನ್ಯವಾಗಿ 10 ಸೆಕೆಂಡುಗಳಲ್ಲಿ 5 ಪ್ರಯತ್ನಗಳಾದ ಮೇಲೆ ಸಿಸ್ಟಮ್‌ಡಿಯೇ ನಿರಾಕರಿಸುತ್ತದೆ. ಆಗ ಕಾಣುವ ಹೊಸ ಸಂದೇಶವು ಮೂಲದೋಷವನ್ನು ಮರೆಮಾಡುತ್ತದೆ. ಮೊದಲು ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಆದೇಶದಿಂದ ಸ್ಥಿತಿಯನ್ನೂ ‘ಜರ್ನಲ್‌ಸಿಟಿಎಲ್’ ಆದೇಶದಿಂದ ದಾಖಲೆಯನ್ನೂ ಓದಬೇಕು. ದಾಖಲೆಯ ಕೊನೆಯ ಸಾಲು ಸೇವೆ ವಿಫಲವಾಯಿತೆಂದಷ್ಟೇ ಹೇಳುವುದುಂಟು. ಕಾರಣವು ಹೆಚ್ಚಾಗಿ ಅದಕ್ಕಿಂತ ಕೆಲವು ಸಾಲುಗಳ ಮೇಲಿರುತ್ತದೆ.

ನಿರ್ಗಮನ ಸಂಕೇತ 203 ಕಂಡರೆ ಚಾಲನೆಗೊಳ್ಳಬೇಕಾದ ಕಡತದ ವಿಳಾಸ ತಪ್ಪಾಗಿರಬಹುದು ಅಥವಾ ಅದಕ್ಕೆ ಚಾಲನಾ ಅನುಮತಿ ಇಲ್ಲದಿರಬಹುದು. 217 ಕಂಡರೆ ಸೇವೆಗೆ ಸೂಚಿಸಿದ ಬಳಕೆದಾರ ಖಾತೆಯನ್ನು ಪರಿಶೀಲಿಸಬೇಕು.

ಎಂಜಿನ್‌ಎಕ್ಸ್ ಜಾಲ ಸರ್ವರ್ ಇದಕ್ಕೆ ಉತ್ತಮ ನಿದರ್ಶನ. 80ನೆಯ ಪೋರ್ಟನ್ನು ಅಪಾಚೆ ಮೊದಲೇ ಹಿಡಿದಿದ್ದರೆ ಎಂಜಿನ್‌ಎಕ್ಸ್ ಆರಂಭವಾಗದು. ಹಿಡಿದವರು ಯಾರೆಂಬುದನ್ನು ‘ಎಸ್‌ಎಸ್’ ಆದೇಶ ತೋರಿಸುತ್ತದೆ. ಸಂರಚನಾ ಕಡತದಲ್ಲಿ ಒಂದು ಅರ್ಧವಿರಾಮ ಚಿಹ್ನೆ ತಪ್ಪಿದರೂ ಇದೇ ಗತಿ. ಚಾಲನೆಯಲ್ಲಿರುವ ಸರ್ವರನ್ನು ದೋಷಯುಕ್ತ ಕಡತದೊಂದಿಗೆ ನಿಲ್ಲಿಸಿದರೆ ಅದು ಮತ್ತೆ ಏಳದೆ ಜಾಲತಾಣವೇ ಸ್ಥಗಿತಗೊಳ್ಳುತ್ತದೆ. ಆದ್ದರಿಂದ ನಿಲ್ಲಿಸುವ ಮುನ್ನವೇ ‘ಎಂಜಿನ್‌ಎಕ್ಸ್ -ಟಿ’ ಆದೇಶದಿಂದ ಕಡತವನ್ನು ಪರೀಕ್ಷಿಸುವುದು ಅಗತ್ಯ. ಸೇವೆಯ ಯೂನಿಟ್ ಕಡತವನ್ನೇ ತಿದ್ದಿದ್ದಲ್ಲಿ ‘ಡೀಮನ್-ರೀಲೋಡ್’ ಆದೇಶವನ್ನು ನೀಡುವವರೆಗೆ ಸಿಸ್ಟಮ್‌ಡಿ ಹಳೆಯ ಪ್ರತಿಯನ್ನೇ ಅನುಸರಿಸುತ್ತದೆ.